ನೀರಂಚಿನ ಹಕ್ಕಿಗಳು: ಬಿಳಿ ಸುಟ್ಟುಹೋಗುತ್ತದೆ, ಕಂದು ಕಪ್ಪಾಗುತ್ತದೆ, ದೂರದ್ದು ಮಸುಕಾಗುತ್ತದೆ – ಸಲಹೆ ಬೇಕು

ಹಿನ್ನೀರ ದಡ, ಸಾಗರ

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಮನೆಯ ಸುತ್ತಲಿನ ತೋಟ ಮತ್ತು ಕಾಡಂಚಿನ ಹಕ್ಕಿಗಳ ಚಿತ್ರ ತೆಗೆಯುತ್ತಿದ್ದ ನಾನು ಈ ಚಳಿಗಾಲದಲ್ಲಿ ಮೊದಲ ಬಾರಿಗೆ ನೀರಂಚಿನ ಹಕ್ಕಿಗಳ ಕಡೆ ಹೊರಳಿದ್ದೇನೆ. ಲಿಂಗನಮಕ್ಕಿಯ ಹಿನ್ನೀರು ಇಳಿಯುತ್ತಾ ಹೋದಂತೆ ತೆರೆದುಕೊಳ್ಳುವ ಕೆಸರಿನ ದಂಡೆಗೆ ಗದ್ದೆಗೊರವಗಳು, ಮೆಟ್ಟುಗಾಲು ಹಕ್ಕಿಗಳು ಮತ್ತು ಲಿಟಲ್ ರಿಂಗ್ಡ್ ಪ್ಲೋವರ್‌ಗಳು ಬರುತ್ತವೆ. ಅವುಗಳನ್ನು ನೋಡುತ್ತಾ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆದರೆ ಮನೆಗೆ ಬಂದು ಚಿತ್ರಗಳನ್ನು ತೆರೆದಾಗ ಪ್ರತಿಸಲವೂ ಬೇಸರವಾಗುತ್ತಿದೆ.

ನನ್ನಲ್ಲಿರುವುದು ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ) ಸೆನ್ಸರ್‌ನ ಕ್ಯಾಮೆರಾ ಮತ್ತು 150–600 ಮಿ.ಮೀ. ಜೂಮ್ ಲೆನ್ಸ್, 600ರಲ್ಲಿ ಅದರ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್/6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಇಲ್ಲಿಯವರೆಗೆ ಅಪರ್ಚರ್ ಪ್ರಯಾರಿಟಿಯಲ್ಲಿ (ಕಿಂಡಿಯನ್ನು ನಾನು ಆರಿಸಿ ಶಟರ್ ವೇಗವನ್ನು ಕ್ಯಾಮೆರಾಕ್ಕೆ ಬಿಡುವ ಕ್ರಮ), ಇಡೀ ಚೌಕಟ್ಟನ್ನು ಅಳೆಯುವ ಮೀಟರಿಂಗ್ ಇಟ್ಟುಕೊಂಡು, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 400ರಲ್ಲಿ ತೆಗೆದಿದ್ದೇನೆ. ಕಳೆದ ಭಾನುವಾರ ಒಂದೇ ಮೆಟ್ಟುಗಾಲು ಹಕ್ಕಿಯನ್ನು ಹತ್ತು ನಿಮಿಷ ಹಿಂಬಾಲಿಸಿದೆ. ಎದುರು ದಡದ ಕಾಡಿನ ಪ್ರತಿಬಿಂಬ ಬಿದ್ದು ಕಪ್ಪಾಗಿದ್ದ ನೀರಿನ ಮುಂದೆ ಅದು ನಿಂತಾಗ ಎದೆಯ ಬಿಳಿ ಪೂರ್ತಿ ಸುಟ್ಟುಹೋಗಿ, ಒಂದು ಗರಿಯ ಗೆರೆಯೂ ಉಳಿಯಲಿಲ್ಲ. ಅದೇ ಹಕ್ಕಿ ನಾಲ್ಕು ಹೆಜ್ಜೆ ನಡೆದು ಆಕಾಶ ಹೊಳೆಯುತ್ತಿದ್ದ ನೀರಿಗೆ ಬಂದಾಗ ಇಡೀ ಚಿತ್ರ ಕತ್ತಲಾಯಿತು. ಬಿಸಿಲು ಎರಡೂ ಸಲ ಒಂದೇ ಆಗಿತ್ತು.

ಎರಡನೆಯ ತೊಂದರೆ ಸ್ಪಷ್ಟತೆಯದು. ಟ್ರೈಪಾಡ್ ಮೇಲೆ ಲೆನ್ಸ್ ಇಟ್ಟು, ನಿಂತುಕೊಂಡು, ಸುಮಾರು 40 ಮೀಟರ್ ದೂರದಿಂದ, 1/500 ಸೆಕೆಂಡಿನ ಆಸುಪಾಸಿನಲ್ಲಿ ತೆಗೆದ ಚಿತ್ರಗಳಲ್ಲಿ ಬೆಳಗಿನ ಕೆಲವು ಮಾತ್ರ ಒಪ್ಪುವಂತಿವೆ. ಒಂಬತ್ತೂವರೆಯ ನಂತರದ ಒಂದೂ ಸರಿಯಿಲ್ಲ. ಲೆನ್ಸ್‌ನಲ್ಲಿ ದೋಷವಿದೆಯೇ, ನನ್ನ ಕೈಯಲ್ಲಿದೆಯೇ ಎಂಬುದು ತಿಳಿಯುತ್ತಿಲ್ಲ. ಲೆನ್ಸ್ ಮತ್ತು ಕ್ಯಾಮೆರಾದ ನಡುವೆ ಹಾಕುವ 1.4 ಪಟ್ಟಿನ ಟೆಲಿ ಕನ್ವರ್ಟರ್ ಕೊಂಡರೆ ದೂರದ ಹಕ್ಕಿ ಹತ್ತಿರವಾಗುತ್ತದೆ ಎಂದು ಸ್ನೇಹಿತರೊಬ್ಬರು ಹೇಳುತ್ತಿದ್ದಾರೆ. ದುಡ್ಡು ಹಾಕುವ ಮೊದಲು ತಿಳಿದವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ.

ತುಂಗೆಯ ಮೇಲ್ದಂಡೆ, ಶಿವಮೊಗ್ಗ

ನೀವು ಬರೆದದ್ದರಲ್ಲಿಯೇ ಮೊದಲನೆಯ ತೊಂದರೆಯ ಉತ್ತರವಿದೆ: ಬಿಸಿಲು ಎರಡೂ ಸಲ ಒಂದೇ ಆಗಿತ್ತು. ಹಕ್ಕಿಯ ಮೇಲೆ ಬೀಳುವ ಬೆಳಕು ಬದಲಾಗದಿದ್ದರೆ ಎಕ್ಸ್‌ಪೋಷರ್ (ಚಿತ್ರಕ್ಕೆ ಕೊಡುವ ಬೆಳಕಿನ ಪ್ರಮಾಣ) ಕೂಡ ಬದಲಾಗಬಾರದು. ಆದರೆ ಕ್ಯಾಮೆರಾದ ಮೀಟರ್ ಅಳೆಯುವುದು ಹಕ್ಕಿಯ ಮೇಲೆ ಬಿದ್ದ ಬೆಳಕನ್ನಲ್ಲ, ಇಡೀ ಚೌಕಟ್ಟಿನಿಂದ ಹಿಂತಿರುಗಿ ಬರುವ ಬೆಳಕನ್ನು. ಮತ್ತು ತಾನು ಕಂಡದ್ದೆಲ್ಲವೂ ಒಟ್ಟಾರೆ ಮಧ್ಯಮ ಬೂದುಬಣ್ಣದ್ದೆಂದು ಅದು ಭಾವಿಸುತ್ತದೆ. ಚೌಕಟ್ಟಿನ ಹತ್ತರಲ್ಲಿ ಒಂಬತ್ತು ಪಾಲು ಕಪ್ಪು ನೀರಿದ್ದರೆ ಅದನ್ನು ಬೂದು ಮಾಡಲು ಹೊರಟು ಹಕ್ಕಿಯನ್ನು ಸುಡುತ್ತದೆ; ಹೊಳೆಯುವ ನೀರಿದ್ದರೆ ಅದನ್ನೂ ಬೂದು ಮಾಡಲು ಹೊರಟು ಹಕ್ಕಿಯನ್ನು ಕತ್ತಲಿಗೆ ತಳ್ಳುತ್ತದೆ. ತೋಟದ ಹಕ್ಕಿಗಳಲ್ಲಿ ಇದು ನಿಮಗೆ ಅಷ್ಟಾಗಿ ಕಾಡದಿರುವುದಕ್ಕೆ ಕಾರಣ, ಹಿಂದಿನ ಎಲೆಹಸಿರು ಹೆಚ್ಚುಕಡಿಮೆ ಅದೇ ಮಧ್ಯಮ ಬಣ್ಣದ ಸಮೀಪ ಇರುವುದು. ನೀರಂಚಿನಲ್ಲಿ ಮಾತ್ರ ಹಿನ್ನೆಲೆ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ.

ಆದ್ದರಿಂದ ಆಕಾಶ ನಿಚ್ಚಳವಾಗಿರುವ ದಿನ ಪೂರ್ತಿ ಮ್ಯಾನುಯಲ್‌ಗೆ ಬನ್ನಿ. ಎಲ್ಲಿಂದ ಶುರುಮಾಡಬೇಕು ಎಂಬುದಕ್ಕೆ ಹಳೆಯ ಫಿಲ್ಮ್ ಕಾಲದ ಲೆಕ್ಕ ಇಂದಿಗೂ ನಿಲ್ಲುತ್ತದೆ: ಪೂರ್ಣ ಬಿಸಿಲಿನಲ್ಲಿ ಎಫ್/16 ಇಟ್ಟರೆ ಶಟರ್ ವೇಗ ಐಎಸ್‌ಒ ಸಂಖ್ಯೆಯಷ್ಟೇ. ಐಎಸ್‌ಒ 400ರಲ್ಲಿ ಎಫ್/16ಕ್ಕೆ 1/400. ಅದನ್ನು ನಿಮ್ಮ ಎಫ್/6.3ಕ್ಕೆ ತಂದರೆ ಸುಮಾರು 1/2500. ಇದು ಮಧ್ಯಮ ಬಣ್ಣದ ಹಕ್ಕಿಗೆ. ಬೆಳ್ಳಕ್ಕಿ ಅಥವಾ ಮೆಟ್ಟುಗಾಲು ಹಕ್ಕಿಯ ಬಿಳಿ ಉಳಿಯಬೇಕೆಂದರೆ ಇನ್ನೂ ಮೂರನೇ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧವಾಗುವುದು) ಕಡಿಮೆ ಮಾಡಿ, 1/4000ಕ್ಕೆ ಹೋಗಿ. ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆಯ ಓರೆ ಬೆಳಕು ಇದಕ್ಕಿಂತ ಒಂದೂವರೆ, ಎರಡು ಸ್ಟಾಪ್ ಕಡಿಮೆಯಿರುತ್ತದೆ, ಮತ್ತು ಅದು ಹತ್ತು ನಿಮಿಷಕ್ಕೊಮ್ಮೆ ಏರುತ್ತಾ ಹೋಗುತ್ತದೆ. ಹಾಗಾಗಿ ಒಮ್ಮೆ ಹೊಂದಿಸಿ ಮರೆತುಬಿಡುವಂತಿಲ್ಲ.

ನಾನು ಅನುಸರಿಸುವ ಕ್ರಮ ಹೀಗಿದೆ. ಗಾಜನೂರಿನ ಹಿನ್ನೀರಿಗೆ ಹೋದ ಕೂಡಲೇ ಮೊದಲು ಹುಡುಕುವುದು ಬೆಳ್ಳಕ್ಕಿಯನ್ನು. ಮಲೆನಾಡಿನ ಯಾವ ಕೆರೆ, ಯಾವ ಗದ್ದೆಗೆ ಹೋದರೂ ಒಂದು ಬೆಳ್ಳಕ್ಕಿ ಇದ್ದೇ ಇರುತ್ತದೆ, ಮತ್ತು ಅದಕ್ಕಿಂತ ಬೆಳ್ಳಗಿನ ವಸ್ತು ಆ ದಂಡೆಯಲ್ಲಿ ಬೇರೊಂದಿರುವುದಿಲ್ಲ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಅದರ ಒಂದು ಚಿತ್ರ ತೆಗೆದು, ಸುಟ್ಟ ಭಾಗ ಮಿನುಗಿ ತೋರಿಸುವ ಎಚ್ಚರಿಕೆಯನ್ನು ಪರದೆಯ ಮೇಲೆ ನೋಡುತ್ತೇನೆ. ಬೆನ್ನಿನ ಗರಿಗಳು ಮಿನುಗತೊಡಗುವವರೆಗೆ ಎಕ್ಸ್‌ಪೋಷರ್ ಏರಿಸಿ, ಅಲ್ಲಿಂದ ಮೂರನೇ ಒಂದು ಸ್ಟಾಪ್ ಹಿಂದಕ್ಕೆ ಬರುತ್ತೇನೆ. ಅಷ್ಟಾದ ಮೇಲೆ ಅದೇ ಬೆಳಕಿನಲ್ಲಿ ಯಾವ ಹಕ್ಕಿ ಯಾವ ಹಿನ್ನೆಲೆಗೆ ಬಂದರೂ ನಾನು ಗುಂಡಿ ಮುಟ್ಟುವುದಿಲ್ಲ. ಮೀಟರ್ ಏನು ಹೇಳುತ್ತದೆಂದು ನೋಡುವುದೂ ಇಲ್ಲ.

ಗದ್ದೆಗೊರವ ಕಂದು ಹಕ್ಕಿಯಲ್ಲವೇ, ಅದಕ್ಕೆ ಇನ್ನಷ್ಟು ಬೆಳಕು ಬೇಡವೇ ಎಂದು ನೀವು ಕೇಳಬಹುದು. ಇಲ್ಲಿ ಬಹಳ ಜನ ಎಡವುತ್ತಾರೆ. ಅದರ ಬೆನ್ನು ಕಂದು, ಆದರೆ ಹೊಟ್ಟೆ ಅಚ್ಚ ಬಿಳಿ, ಮತ್ತು ಬೆಳಗಿನ ಓರೆ ಬಿಸಿಲು ನೇರವಾಗಿ ಬೀಳುವುದು ಆ ಹೊಟ್ಟೆಯ ಪಕ್ಕೆಗೇ. ಪ್ಲೋವರ್‌ನ ಕೊರಳಪಟ್ಟಿಯದೂ ಇದೇ ಕಥೆ. ಬದಲಿಸಲೇಬೇಕೆನಿಸಿದರೆ ಬೆಳ್ಳಕ್ಕಿಗೆ ಹೊಂದಿಸಿದ್ದಕ್ಕಿಂತ ಮೂರನೇ ಒಂದು ಸ್ಟಾಪ್ ಏರಿಸಿದರೆ ಸಾಕು, ಹೆಚ್ಚೆಂದರೆ ಅರ್ಧ. ಬೆನ್ನಿನ ಕಂದನ್ನು ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರ) ಆಮೇಲೆ ಎತ್ತಬಹುದು, ಸುಟ್ಟ ಬಿಳಿಯನ್ನು ಯಾರೂ ಮರಳಿ ತರಲಾರರು.

ಹಿಸ್ಟೋಗ್ರಾಮ್, ಎಂದರೆ ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗಿನ ಹಂಚಿಕೆ ತೋರಿಸುವ ನಕ್ಷೆ, ಅದರ ಬಗ್ಗೆ ಒಂದು ಎಚ್ಚರಿಕೆ. ನೀವು ರಾ ತೆಗೆಯುತ್ತಿದ್ದರೂ ಪರದೆಯ ಹಿಸ್ಟೋಗ್ರಾಮ್ ಮತ್ತು ಮಿನುಗುವ ಎಚ್ಚರಿಕೆ ಎರಡೂ ಒಳಗಿನ ಜೆಪೆಗ್ ಚಿತ್ರದಿಂದ ಬಂದವು. ಚಿತ್ರದ ಶೈಲಿಯನ್ನು ಗಾಢವಾಗಿ ಇಟ್ಟಿದ್ದರೆ ರಾ ಫೈಲಿನಲ್ಲಿ ಇನ್ನೂ ಜಾಗವಿರುವಾಗಲೇ ಅವು ಹೆದರಿಸುತ್ತವೆ. ಶೈಲಿಯನ್ನು ನ್ಯೂಟ್ರಲ್‌ಗೆ ತನ್ನಿ. ಮೂರು ಬಣ್ಣಗಳ ಹಿಸ್ಟೋಗ್ರಾಮ್ ಬೇರೆಬೇರೆಯಾಗಿ ತೋರಿಸುವ ವ್ಯವಸ್ಥೆಯಿದ್ದರೆ ಅದನ್ನೇ ನೋಡಿ, ಏಕೆಂದರೆ ಹೊಂಬಿಸಿಲಿನಲ್ಲಿ ಮೊದಲು ಒಡೆಯುವುದು ಕೆಂಪು.

ಮೋಡ ಬಂದು ಹೋಗುವ ದಿನ ಈ ಕ್ರಮ ಕೈಕೊಡುತ್ತದೆ. ಆಗ ಶಟರ್ ಮತ್ತು ಅಪರ್ಚರ್ ಮ್ಯಾನುಯಲ್ ಇಟ್ಟು ಐಎಸ್‌ಒವನ್ನು ಆಟೋಗೆ ಬಿಡಿ. ಹಿನ್ನೆಲೆ ಕಪ್ಪು ನೀರಾದರೆ ಕಾಂಪನ್ಸೇಷನ್ (ಮೀಟರ್‌ನ ಲೆಕ್ಕವನ್ನು ಏರಿಸಿ ಇಳಿಸುವ ಗುಂಡಿ) ಮೈನಸ್ 1, ಹೊಳೆಯುವ ನೀರಾದರೆ ಪ್ಲಸ್ 1ರ ಸುತ್ತ ಇಡಿ. ಡಿಸೆಂಬರ್, ಜನವರಿಯ ಇಬ್ಬನಿ ಮುಸುಕಿದ ಬೆಳಗಿನಲ್ಲಿಯೂ ಪ್ಲಸ್ ಕಡೆಗೇ ಹೋಗಬೇಕು; ಇಲ್ಲವಾದರೆ ಬೆಳ್ಳನೆಯ ಮಂಜು ಬೂದಿಯ ಬಣ್ಣಕ್ಕೆ ತಿರುಗುತ್ತದೆ.

ಕಣ್ಣು ಪಳಗಿಸಲು ಒಳ್ಳೆಯ ಶಾಲೆ ಬೇಕಿದ್ದರೆ ಮಳೆಗಾಲದಲ್ಲಿ ಮಂಡಗದ್ದೆಗೆ ಬನ್ನಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ ಮತ್ತು ನೀರುಕಾಗೆಗಳು ಒಂದೇ ಕೊಂಬೆಯ ಮೇಲೆ ಗೂಡು ಕಟ್ಟುತ್ತವೆ. ಅವು ದಂಡೆಯ ಹಕ್ಕಿಗಳಲ್ಲ, ನಿಜ. ಆದರೆ ಅಪ್ಪಟ ಬಿಳಿ ಮತ್ತು ಅಪ್ಪಟ ಕಪ್ಪು ಒಂದೇ ಚೌಕಟ್ಟಿನಲ್ಲಿ ನಿಂತಾಗ ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಅಲ್ಲಿ ದಿನಕ್ಕೆ ನೂರು ಸಲ ಉತ್ತರ ಹೇಳಬೇಕಾಗುತ್ತದೆ. ಶ್ರಾವಣದ ಮೋಡದ ಬೆಳಕು ನೆರಳುಗಳನ್ನು ಮೆತ್ತಗಾಗಿಸುವುದರಿಂದ ತಪ್ಪುಗಳನ್ನು ಸ್ವಲ್ಪ ಮನ್ನಿಸುತ್ತದೆ ಕೂಡ.

ಗದ್ದೆಯ ಬದು, ಸೊರಬ

ಎಕ್ಸ್‌ಪೋಷರ್ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ಸೇರಿಸುವುದು ಏನೂ ಇಲ್ಲ. ಸ್ಪಷ್ಟತೆಯ ಬಗ್ಗೆ ಹೇಳುತ್ತೇನೆ.

ಲೆನ್ಸ್ ಬಗ್ಗೆ ಅನುಮಾನವಿದ್ದರೆ ಮೊದಲು ಅದನ್ನು ಬಗೆಹರಿಸಿಕೊಳ್ಳಿ. ಬೆಳಗಿನ ತಂಪಿನಲ್ಲಿ, 12 ಮೀಟರ್ ದೂರದ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿ, ಲೆನ್ಸನ್ನು ಮೂಟೆಯ ಮೇಲಿಟ್ಟು ಹತ್ತು ಚಿತ್ರ ತೆಗೆಯಿರಿ. ಅದರ ಸಣ್ಣ ಅಕ್ಷರಗಳು ಚೂಪಾಗಿ ಬಂದರೆ ಲೆನ್ಸ್ ನಿರಪರಾಧಿ. ನನ್ನ ಊಹೆ, ಚೂಪಾಗಿಯೇ ಬರುತ್ತವೆ. ಬೆಳಗಿನವು ಒಪ್ಪುವಂತಿದ್ದು ಒಂಬತ್ತೂವರೆಯ ನಂತರದವು ಕೆಟ್ಟಿರುವುದು ಗಾಳಿಯ ಕೆಲಸ. ಬಿಸಿಲಿಗೆ ಕಾದ ದಂಡೆಯಿಂದ ಮೇಲೇಳುವ ಬಿಸಿ ಗಾಳಿ ಮತ್ತು ನೀರಿನ ಮೇಲಿನ ತಂಪು ಗಾಳಿ ಬೆರೆಯುವಲ್ಲಿ ಬೆಳಕು ಬಾಗುತ್ತಾ ನಡುಗುತ್ತದೆ. ಶಟರ್ ವೇಗ 1/4000 ಆದರೂ ಆ ನಡುಕ ಹೋಗುವುದಿಲ್ಲ, ಟ್ರೈಪಾಡ್ ಎಷ್ಟು ಗಟ್ಟಿಯಾದರೂ ಹೋಗುವುದಿಲ್ಲ. ನಿಮಗೂ ಹಕ್ಕಿಗೂ ನಡುವೆ ಇರುವ ಗಾಳಿ ಕಡಿಮೆಯಾದಾಗ ಮಾತ್ರ ಹೋಗುತ್ತದೆ. ಟೆಲಿ ಕನ್ವರ್ಟರ್ ಹಾಕಿದರೆ ಆ ನಡುಕವೂ 1.4 ಪಟ್ಟು ದೊಡ್ಡದಾಗುತ್ತದೆ. ಜೊತೆಗೆ ಒಂದು ಸ್ಟಾಪ್ ಬೆಳಕು ಕಳೆದು ನಿಮ್ಮ ಎಫ್/6.3 ಎಫ್/9 ಆಗುತ್ತದೆ, ಫೋಕಸ್ ತಡಕಾಡತೊಡಗುತ್ತದೆ. ದಯವಿಟ್ಟು ಈಗ ಅದನ್ನು ಕೊಳ್ಳಬೇಡಿ.

ಟೆಲಿ ಲೆನ್ಸ್ ಇರುವುದು ದೂರದ ಹಕ್ಕಿಯನ್ನು ಹತ್ತಿರ ತರುವುದಕ್ಕೆ ಎಂಬ ನಂಬಿಕೆಯಲ್ಲೇ ತೊಡಕಿದೆ. 20 ಸೆಂ.ಮೀ. ಉದ್ದದ ಗದ್ದೆಗೊರವ 40 ಮೀಟರ್ ದೂರದಲ್ಲಿದ್ದರೆ 600 ಮಿ.ಮೀ. ಲೆನ್ಸ್ ಅದನ್ನು ನಿಮ್ಮ ಸೆನ್ಸರ್ ಮೇಲೆ ಬರೆಯುವುದು ಕೇವಲ 3 ಮಿ.ಮೀ. ಉದ್ದಕ್ಕೆ, ಎಂದರೆ ಚೌಕಟ್ಟಿನ ಅಗಲದ ಎಂಟನೇ ಒಂದು ಪಾಲಿಗೆ. ಅದೇ ಹಕ್ಕಿ 12 ಮೀಟರ್‌ಗೆ ಬಂದರೆ 10 ಮಿ.ಮೀ. ಈ ವ್ಯತ್ಯಾಸವನ್ನು ಯಾವ ಅಂಗಡಿಯೂ ಮಾರುವುದಿಲ್ಲ. 600 ಮಿ.ಮೀ. ಬೇಕಾಗುವುದು ಹಕ್ಕಿ 12 ಮೀಟರ್‌ನಲ್ಲಿ ತನ್ನ ಪಾಡಿಗೆ ಮೇಯುತ್ತಿರುವಾಗ ಅದಕ್ಕೆ ಗಾಬರಿಯಾಗದಂತೆ ಚಿತ್ರ ತೆಗೆಯುವುದಕ್ಕೆ.

ಹತ್ತಿರ ಹೋಗುವುದು ಹೇಗೆಂದರೆ, ಹೋಗದೆ ಇರುವುದು. ಈ ಹಕ್ಕಿಗಳು ನೀರಿನ ಅಂಚನ್ನು ಹಿಡಿದು ಒಂದು ದಿಕ್ಕಿಗೆ ಮೇಯುತ್ತಾ ನಡೆಯುತ್ತವೆ. ಅವು ಹೋಗುತ್ತಿರುವ ದಿಕ್ಕನ್ನು ಹತ್ತು ನಿಮಿಷ ದೂರದಿಂದ ನೋಡಿ, ದೊಡ್ಡ ಸುತ್ತು ಹಾಕಿ 50 ಮೀಟರ್ ಮುಂದೆ ಹೋಗಿ, ಅಂಚಿನಿಂದ ಸ್ವಲ್ಪ ಹಿಂದೆ ಹೊಟ್ಟೆಯ ಮೇಲೆ ಮಲಗಿ. ನಿಂತ ಮನುಷ್ಯನನ್ನು ಕಂಡರೆ ಹಾರುವ ಹಕ್ಕಿ, ಅಲುಗದೆ ಮಲಗಿದವನ ಮುಂದೆ ಬಹಳ ಸಲ ತಾನಾಗಿಯೇ ಹಾದುಹೋಗುತ್ತದೆ. ಅದು ಮೇಯುವುದನ್ನು ನಿಲ್ಲಿಸಿ ಕತ್ತೆತ್ತಿ ತಲೆ ಕುಣಿಸತೊಡಗಿದರೆ ಕಣ್ಣಿಗೆ ಕ್ಯಾಮೆರಾ ಏರಿಸುವ ಕೈಯನ್ನೂ ತಡೆದು ಕಾಯಬೇಕು.

ಮಲಗುವುದರಿಂದ ಚಿತ್ರಕ್ಕೂ ಲಾಭವಿದೆ. ನಿಂತು ತೆಗೆದರೆ ಹಕ್ಕಿಯ ಹಿಂದೆ ಕೆಸರೇ ಇರುತ್ತದೆ. ಅದರ ಕಣ್ಣಿನ ಮಟ್ಟಕ್ಕೆ ಇಳಿದರೆ ಹಿನ್ನೆಲೆ ನೂರಾರು ಮೀಟರ್ ಆಚೆಯ ದಡಕ್ಕೆ ಸರಿದು ಒಂದೇ ಬಣ್ಣವಾಗಿ ಕರಗುತ್ತದೆ. ಆಸರೆಗೆ ನಾನು ಬಳಸುವುದು ಭತ್ತದ ಹೊಟ್ಟು ತುಂಬಿದ ದಪ್ಪ ಬಟ್ಟೆಯ ಚೀಲ. ಹೊಟ್ಟು ಹಗುರ, ನಮ್ಮಲ್ಲಿ ಗಿರಣಿಯ ಹತ್ತಿರ ಬೇಕಾದಷ್ಟು ಸಿಗುತ್ತದೆ, ಮತ್ತು ಲೆನ್ಸ್ ಅದರೊಳಗೆ ಹುದುಗಿ ಕೂರುತ್ತದೆ. ಬಲಗೈಯಲ್ಲಿ ಕ್ಯಾಮೆರಾ, ಎಡಗೈ ಲೆನ್ಸಿನ ಮೇಲೆ ಮೆಲ್ಲಗೆ ಒತ್ತಿದಂತೆ, ಹುಬ್ಬು ಕ್ಯಾಮೆರಾಕ್ಕೆ ತಾಗಿರಬೇಕು. ಒಂದೇ ಚಿತ್ರಕ್ಕಿಂತ ಮೂರು ನಾಲ್ಕರ ಸಣ್ಣ ಸರಣಿ ತೆಗೆಯಿರಿ; ಬೆರಳು ಒತ್ತಿದ ಅಲುಗಾಟವೆಲ್ಲ ಮೊದಲನೆಯದಕ್ಕೆ ಹೋಗಿ ಎರಡನೆಯದು ಚೂಪಾಗಿ ಬರುವುದನ್ನು ನಾನು ಮತ್ತೆಮತ್ತೆ ಕಂಡಿದ್ದೇನೆ.

1/500 ಸಾಲದು. ನಿಮ್ಮ ಸೆನ್ಸರ್ ಲೆಕ್ಕಕ್ಕೆ 600 ಮಿ.ಮೀ. ಎಂದರೆ 900 ಮಿ.ಮೀ. ನೋಟ, ಆದ್ದರಿಂದ ಕೈ ಅಲುಗಾಟ ತಡೆಯಲಿಕ್ಕೇ 1/1000 ಬೇಕು. ಲೆನ್ಸಿನೊಳಗಿನ ಸ್ಟೆಬಿಲೈಸರ್ ನಿಮ್ಮ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಹಕ್ಕಿಯ ಬಾಲವನ್ನಲ್ಲ. ಬಿಗಿಯಾಗಿ ಕಟ್ಟಿದ ಟ್ರೈಪಾಡ್ ಮೇಲೆ ಕೆಲವು ಲೆನ್ಸ್‌ಗಳ ಸ್ಟೆಬಿಲೈಸರ್ ತಾನೇ ಅಲುಗಾಟ ಹುಟ್ಟಿಸುವುದೂ ಉಂಟು. ಇದು ತಿಳಿಯದೆ ಒಂದು ಇಡೀ ಬೇಸಿಗೆಯ ಚಿತ್ರಗಳನ್ನು ನಾನು ಕಳೆದುಕೊಂಡೆ. ಅವುಗಳಲ್ಲಿ ನನ್ನ ಬದುಕಿನ ಮೊದಲ ಉಲ್ಲಂಕಿಯೂ (ಸ್ನೈಪ್ ಹಕ್ಕಿ) ಇತ್ತು. ಆನ್ ಮತ್ತು ಆಫ್ ಎರಡೂ ಮಾಡಿ ಅದೇ ಕ್ಯಾಲೆಂಡರ್ ಮೇಲೆ ಪರೀಕ್ಷಿಸಿಬಿಡಿ.

ಹತ್ತಿರವಾದಂತೆ ಇನ್ನೊಂದು ಕಷ್ಟ ಎದುರಾಗುತ್ತದೆ. 12 ಮೀಟರ್‌ನಲ್ಲಿ, 600 ಮಿ.ಮೀ., ಎಫ್/6.3ಕ್ಕೆ ಸ್ಪಷ್ಟವಾಗಿ ಬರುವ ಆಳ ಸುಮಾರು 10 ಸೆಂ.ಮೀ. ಮಾತ್ರ. ಹಕ್ಕಿ ನಿಮ್ಮ ಕಡೆ ಮುಖಮಾಡಿ ನಿಂತರೆ ಕೊಕ್ಕಿನಿಂದ ಬಾಲದವರೆಗೆ ಅದು ಸಾಲುವುದಿಲ್ಲ. ಪಕ್ಕಕ್ಕೆ ತಿರುಗಿ ನಿಂತ ಗಳಿಗೆಗೆ ಕಾಯಿರಿ, ಒಂದೇ ಫೋಕಸ್ ಬಿಂದುವನ್ನು ಕಣ್ಣಿನ ಮೇಲಿಡಿ. ಬಿಂದುಗಳ ಆಯ್ಕೆಯನ್ನು ಕ್ಯಾಮೆರಾಕ್ಕೆ ಬಿಟ್ಟರೆ ಅದು ಮಿನುಗುವ ಅಲೆಯನ್ನು ಹಿಡಿದು ಕೂರುತ್ತದೆ.

ಹಿನ್ನೀರ ದಡ, ಸಾಗರ

ಇಬ್ಬರಿಗೂ ಮನಸಾರೆ ಧನ್ಯವಾದ. ಕ್ಯಾಲೆಂಡರ್ ಪರೀಕ್ಷೆ ಮಾಡಿದೆ, ಲೆನ್ಸ್ ಸರಿಯಾಗಿದೆ. ಮರುದಿನ ಬೆಳಿಗ್ಗೆ ಆರೂವರೆಗೇ ಹೋಗಿ ಒಂದು ಬೆಳ್ಳಕ್ಕಿಗೆ ಹೊಂದಿಸಿಕೊಂಡು ಮಲಗಿದೆ. ಮೊದಲ ಒಂದು ಗಂಟೆ ಏನೂ ಬರಲಿಲ್ಲ. ಆಮೇಲೆ ಒಂದು ಪ್ಲೋವರ್ ಓಡುತ್ತಾ, ನಿಲ್ಲುತ್ತಾ, ಮತ್ತೆ ಓಡುತ್ತಾ ನನ್ನ ಲೆನ್ಸ್ ಫೋಕಸ್ ಮಾಡಲಾಗದಷ್ಟು ಸಮೀಪಕ್ಕೆ ಬಂತು. ಅದರ ಕಣ್ಣಿನ ಸುತ್ತಲಿನ ಹಳದಿ ಉಂಗುರವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಎರಡು ಸಂದೇಹಗಳು ಉಳಿದಿವೆ. 1/1600ಕ್ಕೆ ಏರಿಸಿದರೆ ಮುಂಜಾನೆ ಐಎಸ್‌ಒ 1600, 3200ಕ್ಕೆ ಹೋಗುತ್ತದೆ, ಚುಕ್ಕಿಗಳು ಬರುತ್ತವಲ್ಲ? ಮತ್ತು ಕಾಮನ್ ಸ್ಯಾಂಡ್‌ಪೈಪರ್ ಒಂದು ಕ್ಷಣವೂ ಬಾಲ ಕುಣಿಸುವುದನ್ನು ನಿಲ್ಲಿಸುವುದಿಲ್ಲ. ಅದನ್ನು ಹಿಡಿಯುವುದು ಹೇಗೆ? ಇನ್ನೂ ಒಂದು ವಿಷಯ. ದಂಡೆಯ ಮೇಲಿನ ಬಯಲಿನಲ್ಲಿ ಕೆಂಪು ಟಿಟ್ಟಿಭದ ಜೋಡಿಯೊಂದು ಓಡಾಡುತ್ತಿದೆ, ಮುಂದಿನ ತಿಂಗಳು ಮೊಟ್ಟೆಯಿಡಬಹುದು ಎನ್ನಿಸುತ್ತದೆ. ಅದರ ಚಿತ್ರ ತೆಗೆಯುವ ಆಸೆಯಿದೆ.

ಭದ್ರೆಯ ಆಚೆ, ಭದ್ರಾವತಿ

ಐಎಸ್‌ಒ ಭಯವನ್ನು ಬಿಟ್ಟುಬಿಡಿ. ಐಎಸ್‌ಒ 400ರಲ್ಲಿ ಎರಡು ಸ್ಟಾಪ್ ಕತ್ತಲಾಗಿ ತೆಗೆದು ಕಂಪ್ಯೂಟರಿನಲ್ಲಿ ಎತ್ತಿದ ಚಿತ್ರದಲ್ಲಿ ಕಾಣುವ ಚುಕ್ಕಿಗಳು ಐಎಸ್‌ಒ 1600ರಲ್ಲಿ ಸರಿಯಾಗಿ ತೆಗೆದ ಚಿತ್ರದಲ್ಲಿ ಇರುವುದಕ್ಕಿಂತ ಕಡಿಮೆಯೇನೂ ಆಗಿರುವುದಿಲ್ಲ, ಬಹಳ ಕ್ಯಾಮೆರಾಗಳಲ್ಲಿ ಹೆಚ್ಚೇ ಇರುತ್ತವೆ. ಚುಕ್ಕಿಗಳನ್ನು ಆಮೇಲೆ ಕಡಿಮೆ ಮಾಡಿಕೊಳ್ಳಬಹುದು, ಅಲುಗಿದ ಕಣ್ಣನ್ನು ಸರಿಪಡಿಸುವ ಉಪಾಯವಿಲ್ಲ.

ಸ್ಯಾಂಡ್‌ಪೈಪರ್‌ನ ದೇಹದ ಹಿಂಭಾಗ ಕುಣಿಯುತ್ತಿದ್ದರೂ ತಲೆ ಬಹುಪಾಲು ಸ್ಥಿರವಾಗಿರುತ್ತದೆ, ಮತ್ತು ಬಾಲ ಮೇಲಿನ ತುದಿಗೋ ಕೆಳಗಿನ ತುದಿಗೋ ಮುಟ್ಟಿ ಹಿಂತಿರುಗುವಾಗ ಒಂದು ನಿಲುಗಡೆ ಇದೆ. ಸ್ವಲ್ಪ ಹೊತ್ತು ಕ್ಯಾಮೆರಾ ಇಲ್ಲದೆ ಆ ತಾಳವನ್ನು ನೋಡಿದರೆ ಬೆರಳಿಗೆ ಗೊತ್ತಾಗುತ್ತದೆ. ಪ್ಲೋವರ್‌ಗೆ ಓಟದ ನಡುವಿನ ನಿಲುಗಡೆಯೇ ಸಮಯ.

ಶಿವಮೊಗ್ಗದವರು ಬರೆದ ಒಂದು ಮಾತಿಗೆ ನನ್ನ ಭಿನ್ನಾಭಿಪ್ರಾಯವಿದೆ. ಬೆಳ್ಳಕ್ಕಿಗೆ ಹೊಂದಿಸಿದ ಮೇಲೆ ಗುಂಡಿ ಮುಟ್ಟಬೇಡಿ ಎಂಬುದು ಸೂರ್ಯ ಬೆನ್ನಿಗಿರುವವರೆಗೆ ಮಾತ್ರ ಸರಿ. ಹಿನ್ನೀರಿನ ದಡ ಕೈಬೆರಳುಗಳಂತೆ ಒಳಹೊಕ್ಕು ತಿರುಗುವುದರಿಂದ ಹಕ್ಕಿ ಒಂದು ಮೂಲೆ ದಾಟಿದರೆ ಬೆಳಕು ಪಕ್ಕಕ್ಕೆ, ಇನ್ನೊಂದು ದಾಟಿದರೆ ಎದುರಿಗೆ ಬಂದಿರುತ್ತದೆ. ಎದುರು ಬೆಳಕಿನಲ್ಲಿ ನಿಮಗೆ ಕಾಣುವುದು ಹಕ್ಕಿಯ ನೆರಳಿನ ಮೈ. ಅದರ ಗರಿಗಳು ತೋರಬೇಕಾದರೆ ಒಂದು, ಒಂದೂವರೆ ಸ್ಟಾಪ್ ಏರಿಸಲೇಬೇಕು, ಅಂಚಿನ ಹೊಳಪು ಸುಟ್ಟರೂ ಚಿಂತೆಯಿಲ್ಲ.

ಟಿಟ್ಟಿಭದ ವಿಷಯದಲ್ಲಿ ನನ್ನ ಬಿನ್ನಹ: ಗೂಡಿನ ಚಿತ್ರ ಬೇಡ. ಅದು ಗೂಡು ಕಟ್ಟುವುದಿಲ್ಲ. ಬರಿಯ ನೆಲದ ಕಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ಬಿರುಬಿಸಿಲಿನಲ್ಲಿ ತಾಯಿಹಕ್ಕಿ ಮೊಟ್ಟೆಗಳ ಮೇಲೆ ನೆರಳಾಗಿ ನಿಲ್ಲುವುದಕ್ಕೆ, ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಅವುಗಳನ್ನು ತಂಪಾಗಿಡುವುದಕ್ಕೆ ಕಾರಣವಿದೆ. ನೀವು ಹತ್ತಿರ ಮಲಗಿರುವಷ್ಟು ಹೊತ್ತೂ ಅದು ತಲೆಯ ಮೇಲೆ ಕೂಗುತ್ತಾ ಹಾರುತ್ತದೆ, ಮೊಟ್ಟೆಗಳು ಬಿಸಿಲಿಗೆ ಬೇಯುತ್ತವೆ, ಮೇಲಿಂದ ಕಾಗೆ ನೋಡುತ್ತಿರುತ್ತದೆ. ಇದೇ ಕಾರಣಕ್ಕೆ ಭದ್ರಾ ಹಿನ್ನೀರಿನ ಬೋಳು ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ಮೊಟ್ಟೆಯಿಡುವ ನದಿ ರೀವಗಳ (ರಿವರ್ ಟರ್ನ್) ಬಳಿಗೂ ಇಳಿದು ಹೋಗಬಾರದು. ಆ ರೀವಗಳು ನೀರಿಗೆ ಧುಮುಕುವ ಚಿತ್ರವನ್ನು ದೋಣಿಯಿಂದಲೇ 1/2500ರಲ್ಲಿ ತೆಗೆಯಬಹುದು. ಭದ್ರೆಯಲ್ಲಿ ಮೊಸಳೆಗಳಿವೆ, ನಮ್ಮ ಕಡೆ ಬಂದರೆ ನೀರಂಚಿನಲ್ಲಿ ಮಲಗುವ ಮೊದಲು ಸ್ಥಳೀಯ ಮೀನುಗಾರರನ್ನು ಕೇಳದೆ ಇರಬೇಡಿ.

ಮೊಟ್ಟೆಯೊಡೆದು ಮರಿಗಳು ತಾಯಿಯ ಹಿಂದೆ ನೀರಿಗೆ ಇಳಿಯುವ ದಿನ ಬಂದೇ ಬರುತ್ತದೆ. ಆಗ ದೂರದಲ್ಲಿ ಮೊದಲೇ ಹೋಗಿ ಮಲಗಿ ಕಾಯಿರಿ.

ತುಂಗೆಯ ಮೇಲ್ದಂಡೆ, ಶಿವಮೊಗ್ಗ

ಎದುರು ಬೆಳಕಿನ ಬಗ್ಗೆ ಭದ್ರಾವತಿಯವರು ಹೇಳಿದ್ದು ಸರಿ. ನಾನು ಬರೆಯುವಾಗ ಗಾಜನೂರಿನ ನೇರ ದಂಡೆಯೊಂದೇ ಕಣ್ಣ ಮುಂದಿತ್ತು. ಸಾಗರದವರೇ, ಬರುವ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಾನು ಗಾಜನೂರು ಹಿನ್ನೀರಿನ ದಂಡೆಯಲ್ಲಿರುತ್ತೇನೆ. ಬರುವುದಾದರೆ ಇಲ್ಲಿ ತಿಳಿಸಿ. ನಿಮಗಾಗಿ ಹೊಟ್ಟಿನ ಚೀಲ ಒಂದು ಹೆಚ್ಚು ತರುತ್ತೇನೆ.